ಸಂಖ್ಯೆ ಕದಲದಿರಲಿ, ಹೆಸರು ಬದಲಾಗಲಿ: ಶಾಲಾ ಕೊಠಡಿಗಳ ಫಲಕದ ಕುರಿತು ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳು;
ಹಾಗೂ ಈ ಎರಡೂ ಶೈಕ್ಷಣಿಕ ಜಿಲ್ಲೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಅಧ್ಯಕ್ಷರು ಮತ್ತು ಸದಸ್ಯರು.

ವಿಷಯ: ಶಾಲಾ ಕೊಠಡಿಗಳಿಗೆ ಬೆರಳಿಗೂ ಕಣ್ಣಿಗೂ ಓದಲು ಬರುವ, ಹೆಸರಿನ ಭಾಗವನ್ನು ಬದಲಿಸಬಹುದಾದ ಫಲಕಗಳನ್ನು ಒಂದೇ ಕ್ರಮದಲ್ಲಿ ಅಳವಡಿಸುವ ಬಗ್ಗೆ.

ಮಾನ್ಯರೇ,

ನಾನು ಕುಮಟಾದಲ್ಲಿ ಇಪ್ಪತ್ತಾರು ವರ್ಷಗಳಿಂದ ಫಲಕ ಬರೆಯುವ ಮತ್ತು ತಯಾರಿಸುವ ಕೆಲಸ ಮಾಡಿಕೊಂಡು ಬಂದವನು. ಎನಾಮೆಲ್ ಬಣ್ಣ ಮತ್ತು ಕುಂಚದಿಂದ ಆರಂಭಿಸಿ, ಫ್ಲೆಕ್ಸ್ ಬಂದ ಕಾಲದಲ್ಲಿ ಅದನ್ನೂ ಮಾಡಿ, ಈಗ ಅಕ್ರಿಲಿಕ್ ಹಾಳೆಯನ್ನು ಲೇಸರ್ ಯಂತ್ರದಲ್ಲಿ ಕತ್ತರಿಸುವ ಹಂತಕ್ಕೆ ಬಂದಿದ್ದೇನೆ. ಅಂಕೋಲೆಯಿಂದ ಹೊನ್ನಾವರದವರೆಗೆ ಹಲವು ಶಾಲೆಗಳ ಬಾಗಿಲ ಮೇಲೆ 'ಗ್ರಂಥಾಲಯ', 'ವಿಜ್ಞಾನ ಪ್ರಯೋಗಾಲಯ', 'ಮುಖ್ಯೋಪಾಧ್ಯಾಯರ ಕೊಠಡಿ' ಎಂದು ಬರೆದ ಕೈ ನನ್ನದು. ಆ ಕೆಲಸದಲ್ಲಿ ನಾನು ಎರಡು ಬಾರಿ ಮಾಡಿದ ತಪ್ಪು ಇಲಾಖೆಯ ಮಟ್ಟದಲ್ಲಿ ಒಂದು ಸುತ್ತೋಲೆ ಇದ್ದಿದ್ದರೆ ಆಗುತ್ತಿರಲಿಲ್ಲ ಎಂಬುದು ಮನಸ್ಸಿಗೆ ಬಂದ ಮೇಲೆ, ಇದನ್ನು ತಮ್ಮ ಮುಂದೆಯೂ ಸಾರ್ವಜನಿಕರ ಮುಂದೆಯೂ ಇಡುವುದು ನನ್ನ ಕರ್ತವ್ಯವೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ನಾಲ್ಕು ವರ್ಷಗಳ ಹಿಂದೆ ಕರಾವಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಕೊಠಡಿ ಫಲಕಗಳನ್ನು ಮಾಡಿಕೊಡುವ ಕೆಲಸ ನನಗೆ ಬಂದಿತ್ತು. ಕನ್ನಡ ಅಕ್ಷರಗಳ ಕೆಳಗೆ ಬ್ರೈಲ್ ಚುಕ್ಕಿಗಳಿದ್ದ ವಿನ್ಯಾಸದ ಕಡತವೊಂದನ್ನು ಕೊಟ್ಟು ಅದರಂತೆಯೇ ಮಾಡಬೇಕೆಂದು ಹೇಳಿದ್ದರು. ನಾನು ಅದನ್ನು ಇದ್ದಂತೆಯೇ ವಿನೈಲ್ ಹಾಳೆಯ ಮೇಲೆ ಮುದ್ರಿಸಿ, ಹಲಗೆಗೆ ಅಂಟಿಸಿ, ಗೋಡೆಗೆ ಕೂರಿಸಿದೆ. ಕೆಲಸ ಮುಗಿಸಿ ಸಾಮಾನು ಕಟ್ಟುತ್ತಿದ್ದಾಗ ಆರನೇ ತರಗತಿಯ ಹುಡುಗಿಯೊಬ್ಬಳನ್ನು ಶಿಕ್ಷಕಿ ಕೈಹಿಡಿದು ಕರೆತಂದು, ಹೊಸ ಫಲಕದ ಮುಂದೆ ನಿಲ್ಲಿಸಿದರು. ಆ ಮಗುವಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಅವಳು ಬಲಗೈ ತೋರುಬೆರಳನ್ನು ಚುಕ್ಕಿಗಳ ಸಾಲಿನ ಮೇಲೆ ಎಡದಿಂದ ಬಲಕ್ಕೆ ಒಮ್ಮೆ ಓಡಿಸಿದಳು, ಮತ್ತೊಮ್ಮೆ ನಿಧಾನವಾಗಿ ಓಡಿಸಿದಳು, ಕೊನೆಗೆ ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಿ, "ಇಲ್ಲಿ ಎಂತದೂ ಇಲ್ಲ ಸರ್, ಬರೀ ನುಣ್ಣಗಿದೆ" ಎಂದಳು. ಬ್ರೈಲ್ ಎಂದರೆ ಚುಕ್ಕಿಯ ಚಿತ್ರವಲ್ಲ, ಉಬ್ಬು ಎಂಬುದು ಆ ಕಡತ ಮಾಡಿದವರಿಗೆ ಹೊಳೆದಿರಲಿಲ್ಲ. ಮುದ್ರಿಸಿದ ನನಗೂ ಹೊಳೆದಿರಲಿಲ್ಲ. ಕಣ್ಣಿದ್ದವರಿಗೆ ಕಾಣಿಸುವ, ಬೆರಳಿಗೆ ಏನನ್ನೂ ಹೇಳದ ಇಂಥ ಫಲಕಗಳನ್ನು ನಾನು ಆ ಮೇಲೆ ಬೇರೆ ಕಡೆಗಳಲ್ಲಿಯೂ ಕಂಡಿದ್ದೇನೆ.

ಆ ವಾರವೇ ಫಲಕಗಳನ್ನು ತೆಗೆದು, ಬ್ರೈಲ್ ಬಲ್ಲವರನ್ನು ಹುಡುಕಿ, ಅವರಿಂದ ಕಲಿತು, ಅಕ್ರಿಲಿಕ್ ಹಾಳೆಯಲ್ಲಿ ಸಣ್ಣ ತೂತು ಕೊರೆದು ಅದರೊಳಗೆ ಒಂದೂವರೆ ಮಿಲಿಮೀಟರಿಗಿಂತ ತುಸು ದೊಡ್ಡದಾದ ಗುಂಡುಗಳನ್ನು ಕೂರಿಸಿ, ನಿಜವಾದ ಉಬ್ಬು ಚುಕ್ಕಿಯ ಫಲಕಗಳನ್ನು ನನ್ನ ಖರ್ಚಿನಲ್ಲಿ ಮಾಡಿಕೊಟ್ಟೆ. ಹುಡುಗಿ ಓದಿದಳು, ನನಗೆ ಸಮಾಧಾನವಾಯಿತು. ಆದರೆ ಮುಂದಿನ ಜೂನ್‌ನಲ್ಲಿ ಒಂದನೇ ತರಗತಿಗೆ ಮಕ್ಕಳು ಕಡಿಮೆಯಾಗಿ ನಲಿಕಲಿ ವಿಭಾಗವನ್ನು ಚಿಕ್ಕ ಕೊಠಡಿಗೆ ವರ್ಗಾಯಿಸಿದರು, ಗ್ರಂಥಾಲಯ ಮಹಡಿಗೆ ಹೋಯಿತು, ಏಳನೇ ತರಗತಿ ಗ್ರಂಥಾಲಯವಿದ್ದಲ್ಲಿಗೆ ಬಂತು. ಫಲಕದಲ್ಲಿ ಹೆಸರು ಶಾಶ್ವತವಾಗಿ ಕೊರೆದುಹೋಗಿದ್ದರಿಂದ, ಶಾಲೆಯವರು ಬೇರೆ ದಾರಿ ಕಾಣದೆ ಬಿಳಿ ಹಾಳೆಯ ಮೇಲೆ ಹೊಸ ಹೆಸರನ್ನು ಬರೆದು, ಹಳೆಯ ಅಕ್ಷರಗಳ ಮೇಲೆ ಗೋಂದಿನಿಂದ ಅಂಟಿಸಿದರು. ಕೆಳಗಿನ ಬ್ರೈಲ್ ಸಾಲು ಹಾಗೆಯೇ ಉಳಿಯಿತು. ಕಣ್ಣಿಗೆ 'ಏಳನೇ ತರಗತಿ' ಎಂದು ಹೇಳುತ್ತಿದ್ದ ಅದೇ ಫಲಕ ಬೆರಳಿಗೆ 'ಗ್ರಂಥಾಲಯ' ಎಂದು ಹೇಳುತ್ತಿತ್ತು. ಆ ಹುಡುಗಿ ಶಾಲೆ ಆರಂಭವಾದ ಮೊದಲ ದಿನ ತನ್ನ ತರಗತಿಯ ಬಾಗಿಲಲ್ಲೇ ನಿಂತು, ಇದು ತನ್ನ ತರಗತಿಯಲ್ಲವೆಂದು ತಿಳಿದು, ವರಾಂಡದ ತುದಿಯವರೆಗೆ ಗೋಡೆ ತಡವುತ್ತ ಹೋಗಿದ್ದಳಂತೆ. ಮೊದಲ ಬಾರಿ ನನ್ನ ಫಲಕ ಅವಳಿಗೆ ಏನನ್ನೂ ಹೇಳಿರಲಿಲ್ಲ. ಎರಡನೇ ಬಾರಿ ಅದು ಅವಳಿಗೆ ಸುಳ್ಳು ಹೇಳಿತು. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದೆಂದು ನಾನು ಭಾವಿಸುತ್ತೇನೆ.

ನಮ್ಮ ಶಾಲೆಗಳಲ್ಲಿ ಕೊಠಡಿಯ ಉಪಯೋಗ ಬದಲಾಗುವುದು ಅಪರೂಪದ ಸಂಗತಿಯಲ್ಲ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಜೋಯಿಡಾ, ಯಲ್ಲಾಪುರ, ಸಿದ್ದಾಪುರದ ಕಾಡಂಚಿನ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ನೋಡಿಕೊಂಡು ಪ್ರತಿ ವರ್ಷ ತರಗತಿಗಳನ್ನು ಸೇರಿಸುವುದು, ಬೇರ್ಪಡಿಸುವುದು ನಡೆದೇ ಇರುತ್ತದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬಂದರೆ ಕೊಠಡಿಗಳು ಪರೀಕ್ಷಾ ಬ್ಲಾಕುಗಳಾಗುತ್ತವೆ. 2023ರ ಮೇ 10ರ ವಿಧಾನಸಭಾ ಚುನಾವಣೆಗೂ 2024ರ ಮೇ 7ರ ಲೋಕಸಭಾ ಚುನಾವಣೆಗೂ ನಮ್ಮ ಎಷ್ಟೋ ತರಗತಿಗಳು ಮತಗಟ್ಟೆಗಳಾಗಿದ್ದವು. ಆಗ ಅಂಟಿಸಿದ ಹಾಳೆಯನ್ನು ಕಿತ್ತಾಗ ಗೋಡೆಯ ಸುಣ್ಣವೂ ಕಿತ್ತು ಬಂದ ಗುರುತು ಕೆಲವು ಶಾಲೆಗಳಲ್ಲಿ ಇಂದಿಗೂ ಇದೆ. 2019 ಮತ್ತು 2021ರ ಮಳೆಗಾಲದಲ್ಲಿ ಗಂಗಾವಳಿ ಉಕ್ಕಿ ಮನೆಗಳಿಗೆ ನೀರು ನುಗ್ಗಿದಾಗ ಶಾಲೆಗಳಲ್ಲಿ ಕಾಳಜಿ ಕೇಂದ್ರ ತೆರೆದದ್ದನ್ನು ಈ ಕರಾವಳಿಯವರು ಮರೆತಿಲ್ಲ. ಹೀಗೆ ಒಂದೇ ಕೊಠಡಿ ವರ್ಷದೊಳಗೆ ನಾಲ್ಕು ಹೆಸರು ಹೊರುವ ಊರಿನಲ್ಲಿ, ಹೆಸರನ್ನು ಗೋಡೆಗೆ ಕೆತ್ತಿಬಿಡುವುದು ಸರಿಯಾದ ಕ್ರಮವಲ್ಲ. ಹಾಳೆ ಅಂಟಿಸಿ ಬಿಡುವುದೂ ಸರಿಯಲ್ಲ.

ಆದ್ದರಿಂದ ಫಲಕವನ್ನು ಎರಡು ಭಾಗ ಮಾಡಬೇಕೆಂಬುದು ನನ್ನ ಮನವಿಯ ತಿರುಳು. ಮೇಲಿನ ಭಾಗದಲ್ಲಿ ಕೊಠಡಿಯ ಸಂಖ್ಯೆ ಮಾತ್ರ ಇರಬೇಕು. ಅದು ಉಬ್ಬಿದ ಅಂಕಿಯಲ್ಲಿಯೂ ಬ್ರೈಲ್‌ನಲ್ಲಿಯೂ ಇರಬೇಕು. ಕಟ್ಟಡ ಇರುವವರೆಗೆ ಅದು ಬದಲಾಗಬಾರದು. ಕೆಳಗಿನ ಭಾಗದಲ್ಲಿ ಹೆಸರು, ತರಗತಿ, ಬೇಕಿದ್ದರೆ ತರಗತಿ ಶಿಕ್ಷಕರ ಹೆಸರು ಇರಬೇಕು; ಅದನ್ನು ಶಾಲೆಯವರೇ ಐದು ನಿಮಿಷದಲ್ಲಿ, ನನ್ನಂಥವನನ್ನು ಕರೆಸದೆ, ಬದಲಿಸುವಂತಿರಬೇಕು. ಇದು ನನ್ನ ಸ್ವಂತ ಬುದ್ಧಿಯಲ್ಲ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆಯ ಅಡಿಯಲ್ಲಿ ಬಂದ 2010ರ ವಿನ್ಯಾಸ ಮಾನದಂಡಗಳು ಕೊಠಡಿಯ ಶಾಶ್ವತ ಗುರುತಿಗೆ ಉಬ್ಬಿದ ಅಕ್ಷರ ಮತ್ತು ಬ್ರೈಲ್ ಇರಲೇಬೇಕೆಂದು ಹೇಳಿ, ಕೊಠಡಿಯಲ್ಲಿ ಕೂರುವವರ ಹೆಸರಿಗೆ ಮತ್ತು ಏಳು ದಿನಕ್ಕಿಂತ ಹೆಚ್ಚು ಇರದ ತಾತ್ಕಾಲಿಕ ಫಲಕಕ್ಕೆ ವಿನಾಯಿತಿ ಕೊಡುತ್ತವೆ. ಹಾಗಾಗಿ ಅಲ್ಲಿ ಸಂಖ್ಯೆ ಉಬ್ಬಿದ್ದು, ಹೆಸರಿನ ಹಾಳೆ ಸರಿಸಿ ತೆಗೆಯುವಂತಿರುವ ಫಲಕಗಳು ಶಾಲೆ ಮತ್ತು ಕಚೇರಿಗಳಲ್ಲಿ ಬಳಕೆಯಲ್ಲಿವೆ. ಆದರೆ ಆ ವಿನಾಯಿತಿಯನ್ನು ನಾವು ಹಾಗೆಯೇ ತೆಗೆದುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ವರ್ಷವಿಡೀ ನಡೆಯುವ ತರಗತಿಯ ಹೆಸರು ಏಳು ದಿನದ ಮಾತಲ್ಲ. ಬದಲಾಗುವ ಭಾಗದಲ್ಲಿಯೂ ಬ್ರೈಲ್ ಇರಬೇಕು. ಅದಕ್ಕೆ ದಾರಿಯಿದೆ, ಮುಂದೆ ಹೇಳುತ್ತೇನೆ.

ಸಂಖ್ಯೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊಠಡಿಗಳಿಗೆ 1ರಿಂದ ಸಂಖ್ಯೆ ಕೊಟ್ಟರೆ, 'ಕೊಠಡಿ 7' ಎಂಬಲ್ಲಿ ಐದನೇ ತರಗತಿ ಕೂತಿರುತ್ತದೆ. ಬೆರಳಿಗೆ ಮೊದಲು ಸಿಗುವ 7 ಎಂಬ ಅಂಕಿಯನ್ನು ಮಗು ಏಳನೇ ತರಗತಿಯೆಂದು ತಿಳಿದರೆ ತಪ್ಪು ಮಗುವಿನದಲ್ಲ. ನಮ್ಮಲ್ಲಿ ತರಗತಿಗಳು 1ರಿಂದ 10ರವರೆಗೆ ಇರುವುದರಿಂದ ಕೊಠಡಿಯ ಸಂಖ್ಯೆಯನ್ನು 11ರಿಂದ ಆರಂಭಿಸಬೇಕು. ಮಹಡಿಯಿದ್ದರೆ ಅಲ್ಲಿ 51ರಿಂದ ಎಣಿಸಬಹುದು. ಮುಖ್ಯ ಬಾಗಿಲಿನಿಂದ ಒಳಗೆ ಬಂದವರ ಎಡಗೈ ಬದಿಯಿಂದ ಎಣಿಕೆ ಶುರುವಾಗಿ ಸುತ್ತು ಮುಗಿಯುವವರೆಗೆ ಕ್ರಮ ತಪ್ಪದಿದ್ದರೆ, 14ನ್ನು ಓದಿದ ಮಗುವಿಗೆ 15 ಯಾವ ಕಡೆಗಿದೆಯೆಂದು ಯಾರೂ ಹೇಳಬೇಕಾಗಿಲ್ಲ. ಶೌಚಾಲಯಕ್ಕೂ ಅಕ್ಷರ ದಾಸೋಹದ ಅಡುಗೆ ಕೋಣೆಗೂ ಸಂಖ್ಯೆ ಇರಲಿ. ಅಡುಗೆ ಕೋಣೆಯ ಬಾಗಿಲು ಎಲ್ಲಿದೆಯೆಂದು ಮೊದಲೇ ತಿಳಿಯುವುದು ಸುರಕ್ಷತೆಯ ಪ್ರಶ್ನೆ.

ಸಂಖ್ಯೆಯನ್ನೇ ಶಾಶ್ವತ ಭಾಗಕ್ಕೆ ಆರಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಬ್ರೈಲ್‌ನಲ್ಲಿ ಒಂದೊಂದು ಅಕ್ಷರದ ಮನೆಯಲ್ಲಿಯೂ 1ರಿಂದ 6ರವರೆಗೆ ಎಣಿಸುವ ಆರು ಚುಕ್ಕಿಗಳ ಜಾಗವಿರುತ್ತದೆ; ಅಂಕಿಯನ್ನು ಬರೆಯುವಾಗ ಮೊದಲು 3, 4, 5, 6ನೇ ಚುಕ್ಕಿಗಳ ಸಂಖ್ಯಾಸೂಚಕ ಬರುತ್ತದೆ, ಆಮೇಲೆ ಅಂಕಿ ಬರುತ್ತದೆ. ಭಾರತಿ ಬ್ರೈಲ್ ಪದ್ಧತಿಯಲ್ಲಿ ಕನ್ನಡ, ಮರಾಠಿ, ಹಿಂದಿ ಯಾವುದನ್ನು ಓದುವವರಿಗೂ ಈ ಅಂಕಿಗಳು ಒಂದೇ. ಇಂಗ್ಲಿಷ್ ಓದುವವರಿಗೂ ಅವೇ. ಬಲದಿಂದ ಎಡಕ್ಕೆ ಬರೆಯುವ ಉರ್ದು ಕೂಡ ಬ್ರೈಲ್‌ನಲ್ಲಿ ಎಡದಿಂದ ಬಲಕ್ಕೇ ಸಾಗುತ್ತದೆ. ಹೀಗಾಗಿ ಭಟ್ಕಳದ ಉರ್ದು ಮಾಧ್ಯಮದ ಶಾಲೆಗೂ ಶಿರಸಿಯ ಕನ್ನಡ ಶಾಲೆಗೂ ಸಂಖ್ಯೆಯ ಫಲಕ ಒಂದೇ ಅಚ್ಚಿನದಾಗಬಹುದು, ಹೆಸರಿನ ಪಟ್ಟಿ ಮಾತ್ರ ಆಯಾ ಮಾಧ್ಯಮದ್ದಾಗುತ್ತದೆ.

ಕಾನೂನಿನ ಮಾತನ್ನು ಇಲಾಖೆಗೆ ನಾನು ಕಲಿಸಬೇಕಾಗಿಲ್ಲ, ಆದರೆ ಶಾಲಾ ಸಮಿತಿಗಳ ಸದಸ್ಯರಿಗಾಗಿ ಎರಡು ವಾಕ್ಯ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 16ನೇ ಪ್ರಕರಣವು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಕಟ್ಟಡ, ಆವರಣ ಮತ್ತು ಸೌಲಭ್ಯಗಳು ಎಲ್ಲ ಮಕ್ಕಳಿಗೂ ಎಟುಕುವಂತಿರಬೇಕೆಂದು ಹೇಳುತ್ತದೆ. 45ನೇ ಪ್ರಕರಣವು ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮಗಳು ಪ್ರಕಟವಾದ ದಿನದಿಂದ ಐದು ವರ್ಷದೊಳಗೆ ಹಾಗೆ ಮಾಡಬೇಕೆಂದು ಹೇಳಿತ್ತು, ಮತ್ತು ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಅಂದರೆ ಆ ಗಡುವು 2022ರಲ್ಲಿಯೇ ಮುಗಿದಿದೆ. 2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರಾಟೂರಿ ಪ್ರಕರಣದಲ್ಲಿ, ಇಂಥ ಮಾನದಂಡಗಳು ಬರಿಯ ಶಿಫಾರಸಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ತೀರ್ಪು ನೀಡಿದೆ. ರ‍್ಯಾಂಪ್ ಮತ್ತು ಕೈಹಿಡಿಗಳ ಬಗ್ಗೆ ಶಾಲೆಗಳಲ್ಲಿ ಈಗ ಅರಿವು ಬಂದಿದೆ, ಅದು ಸಂತೋಷದ ವಿಷಯ. ರ‍್ಯಾಂಪ್ ಹತ್ತಿ ಬಂದ ಮಗುವಿಗೆ ಯಾವ ಬಾಗಿಲು ಯಾವುದೆಂದು ತಿಳಿಯುವುದೂ ಅದೇ ಕಾನೂನಿನ ಒಳಗೆ ಬರುತ್ತದೆ.

ಫಲಕ ಎಲ್ಲಿರಬೇಕು ಎಂಬುದು ಅದು ಹೇಗಿರಬೇಕು ಎಂಬುದಕ್ಕಿಂತ ಮುಖ್ಯವೆಂದು ನನಗೆ ಅನುಭವದಿಂದ ತಿಳಿದಿದೆ. ನಾವೆಲ್ಲ ಇದುವರೆಗೆ ಬಾಗಿಲ ಚೌಕಟ್ಟಿನ ಮೇಲೆ, ಏಳು ಅಡಿ ಎತ್ತರದಲ್ಲಿ ಬರೆಯುತ್ತ ಬಂದೆವು. ಅದು ದೂರದಿಂದ ನೋಡುವವರಿಗೆ ಸರಿ, ಬೆರಳಿಗೆ ಎಟುಕುವುದಿಲ್ಲ. ಬಾಗಿಲ ಮೇಲೆಯೇ ಹಾಕಿದರೆ, ನಮ್ಮ ತರಗತಿಯ ಬಾಗಿಲುಗಳು ದಿನವಿಡೀ ಒಳಗೋಡೆಗೆ ಒರಗಿ ತೆರೆದಿರುವುದರಿಂದ ಫಲಕ ಒಳಗೆ ಅಡಗಿಹೋಗುತ್ತದೆ, ಮುಚ್ಚಿದ್ದಾಗ ಓದುತ್ತ ನಿಂತ ಮಗುವಿನ ಮುಂದೆ ಬಾಗಿಲು ಥಟ್ಟನೆ ತೆರೆದುಕೊಳ್ಳುತ್ತದೆ. ಅದಕ್ಕೆ ಫಲಕ ಗೋಡೆಯ ಮೇಲೆ, ಚಿಲಕವಿರುವ ಬದಿಗೆ ಇರಬೇಕು. ಹಳೆಯ ಕಟ್ಟಡಗಳಲ್ಲಿರುವ ಎರಡು ಕದದ ಬಾಗಿಲಾದರೆ ಬಲಬದಿಗೆ ಇರಬೇಕು. ಎಲ್ಲ ಕೊಠಡಿಗೂ, ಎಲ್ಲ ಶಾಲೆಗೂ ಅದೇ ಜಾಗ, ಅದೇ ಅಳತೆ. ಎತ್ತರದ ವಿಷಯದಲ್ಲಿ ಅಮೆರಿಕದ ಮಾನದಂಡವು ಉಬ್ಬು ಅಕ್ಷರಗಳು ನೆಲದಿಂದ ನಾಲ್ಕು ಅಡಿಯಿಂದ ಐದು ಅಡಿಯೊಳಗೆ ಇರಬೇಕೆನ್ನುತ್ತದೆ. ಪ್ರೌಢಶಾಲೆಗೆ ಅದು ಒಪ್ಪುತ್ತದೆ. ಆದರೆ ಒಂದನೇ ತರಗತಿಗೆ ಬರುವ ಆರು ವರ್ಷದ ಮಗುವಿನ ಎತ್ತರವೇ ಸುಮಾರು 115 ಸೆಂಟಿಮೀಟರ್. ಆ ಮಗು ತಲೆಯ ಮೇಲೆ ಕೈ ಎತ್ತಿ ಬ್ರೈಲ್ ಓದಲಾರದು, ಏಕೆಂದರೆ ಮಣಿಕಟ್ಟು ಹಿಂದಕ್ಕೆ ಬಾಗಿದಾಗ ಬೆರಳಿನ ತುದಿ ಚುಕ್ಕಿಗಳ ಮೇಲೆ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಪ್ರಾಥಮಿಕ ಶಾಲೆಗಳಲ್ಲಿ ಫಲಕದ ಕೆಳಅಂಚು ನೆಲದಿಂದ ಒಂದು ಮೀಟರಿಗಿಂತ ಮೇಲೆ ಹೋಗಬಾರದೆಂದು ನನ್ನ ಸಲಹೆ. ಅಷ್ಟು ಕೆಳಗಿದ್ದರೆ ಗಾಲಿಕುರ್ಚಿಯ ಮಗುವಿಗೂ ಸಲೀಸು.

ಇಲ್ಲಿ ನಮ್ಮ ಮಳೆಗಾಲದ ಒಂದು ಮಾತನ್ನು ಸೇರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಶಾಲೆಗಳ ಬಾಗಿಲ ಪಕ್ಕದ ಗೋಡೆ ಎಂದರೆ ಒದ್ದೆ ಕೊಡೆಗಳ ಜಾಗ. ಐವತ್ತು ಮಕ್ಕಳ ಕೊಡೆ, ರೇನ್‌ಕೋಟು, ಚಪ್ಪಲಿ ಎಲ್ಲವೂ ಫಲಕದ ಬುಡದಲ್ಲಿ ರಾಶಿ ಬಿದ್ದರೆ, ಗೋಡೆ ತಡವಿಕೊಂಡು ಬರುವ ಮಗು ಮೊದಲು ಎಡವುವುದು ಅಲ್ಲಿಯೇ. ಫಲಕದ ಮುಂದೆ ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ನೆಲವನ್ನು ಹಳದಿ ಬಣ್ಣದ ಗೆರೆಯಿಂದ ಗುರುತಿಸಿ ಖಾಲಿ ಬಿಡುವ ಅಭ್ಯಾಸವನ್ನು ಶಿಕ್ಷಕರು ಮಾಡಿಸಬೇಕು. ಕೊಡೆ ತೂಗುಹಾಕುವ ಸರಳು ಬಾಗಿಲಿನ ಇನ್ನೊಂದು ಬದಿಗೆ ಬರಲಿ.

ಇನ್ನು ತಯಾರಿಕೆ. ನಾನು ಈಗ ಮಾಡುತ್ತಿರುವ ಫಲಕ 24 ಸೆಂಟಿಮೀಟರ್ ಅಗಲ, 22 ಸೆಂಟಿಮೀಟರ್ ಎತ್ತರ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಅಕ್ರಿಲಿಕ್ ಹಾಳೆಯಲ್ಲಿ ಇಂಥ ಐವತ್ತು ಹಿಂಬದಿಗಳು ಸಿಗುತ್ತವೆ. ಹೆಸರಿನ ಹಾಳೆಗೆ ನಾನು ಆರಿಸಿಕೊಂಡ ಅಳತೆ ಎ4 ಹಾಳೆಯನ್ನು ಅಡ್ಡಕ್ಕೆ ಮೂರು ಸಮ ಪಾಲು ಮಾಡಿದರೆ ಬರುವುದು, ಅಂದರೆ 21 ಸೆಂಟಿಮೀಟರ್ ಅಗಲ ಮತ್ತು ಹತ್ತಿರ ಹತ್ತಿರ 10 ಸೆಂಟಿಮೀಟರ್ ಎತ್ತರ. ಶಾಲೆಯ ಪ್ರಿಂಟರಿನಲ್ಲಿಯೇ ಒಂದು ಹಾಳೆಯಿಂದ ಮೂರು ಕೊಠಡಿಯ ಹೆಸರು ತಯಾರಾಗುತ್ತದೆ, ಕಾಗದ ದಂಡವಾಗುವುದಿಲ್ಲ. ಇಂಕ್‌ಜೆಟ್ ಮುದ್ರಣ ನಮ್ಮ ತೇವಕ್ಕೆ ಕದಡಿಕೊಳ್ಳುತ್ತದೆ. ಲೇಸರ್ ಪ್ರಿಂಟರಿನದ್ದೋ ಝೆರಾಕ್ಸ್ ಅಂಗಡಿಯದ್ದೋ ಆದರೆ ನಿಲ್ಲುತ್ತದೆ. ಹಾಳೆಯನ್ನು ತೂರಿಸುವ ಬಾಯಿ ಮೇಲ್ಗಡೆ ಇದ್ದರೆ ಧೂಳು, ನೀರು ಮತ್ತು ಮಕ್ಕಳ ಚಾಕೊಲೇಟ್ ಕಾಗದ ಒಳಗೆ ಬೀಳುತ್ತವೆ, ಕೆಳಗಡೆ ಇದ್ದರೆ ಹಾಳೆಯೇ ಜಾರಿ ಬೀಳುತ್ತದೆ. ನಾನು ಅದನ್ನು ಪಕ್ಕಕ್ಕೆ ಇಟ್ಟು, ಬೆರಳು ಸಿಗುವಷ್ಟು ಅರ್ಧಚಂದ್ರದ ಕಚ್ಚನ್ನು ಕೊಟ್ಟು, ಒಳಗೆ ಸೇರಿದ ನೀರು ಇಳಿದುಹೋಗಲು ತಳದಲ್ಲಿ ಎರಡು ಸಣ್ಣ ಸಂದು ಬಿಡುತ್ತೇನೆ. ಈ ಸಂದು ಬಿಡದೆ ಮೊದಲು ಮಾಡಿದ ಫಲಕಗಳಲ್ಲಿ ಆಷಾಢ ಮುಗಿಯುವುದರೊಳಗೆ ಹಾಳೆಗೆ ಬೂಸರು ಹಿಡಿದಿತ್ತು.

ಗೋಡೆಗೆ ಕೂರಿಸುವುದೂ ಇಲ್ಲಿ ಸುಲಭದ ಕೆಲಸವಲ್ಲ. ಎರಡು ಬದಿ ಅಂಟುವ ಟೇಪು ಒಂದೇ ಮಳೆಗಾಲಕ್ಕೆ ಬಿಡುತ್ತದೆ. ಕಬ್ಬಿಣದ ಮೊಳೆ ಉಪ್ಪುಗಾಳಿಗೆ ತುಕ್ಕು ಹಿಡಿದು ಗೋಡೆಯ ಮೇಲೆ ಕೆಂಪು ಕಣ್ಣೀರಿನಂತೆ ಇಳಿಯುತ್ತದೆ. ಸಮುದ್ರದ ಸಮೀಪದ ಶಾಲೆಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬೇಕು. ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ 304 ದರ್ಜೆಯದ್ದಕ್ಕೂ ಕಾಲಕ್ರಮದಲ್ಲಿ ಕಂದು ಕಲೆ ಬರುತ್ತದೆ. ಚಿರೆಕಲ್ಲಿನ ಗೋಡೆಯಲ್ಲಿ ತೂತು ಕೊರೆದರೆ ಒಳಗಿನ ಮೆತ್ತನೆಯ ಭಾಗ ಕೆಂಪು ಪುಡಿಯಾಗಿ ಉದುರುತ್ತದೆ, ಪ್ಲಗ್ ಹಿಡಿಯುವುದಿಲ್ಲ. ಅಲ್ಲಿ ತೂತನ್ನು ದೊಡ್ಡದು ಮಾಡಿ ಸಿಮೆಂಟ್ ತುಂಬಿ, ಮರುದಿನ ಸ್ಕ್ರೂ ಹಾಕಬೇಕು. ಒಂದು ದಿನ ಹೆಚ್ಚು ಹಿಡಿಯುತ್ತದೆ. ಗುತ್ತಿಗೆಯಲ್ಲಿ ಈ ಒಂದು ದಿನವನ್ನು ಬರೆದಿಡದಿದ್ದರೆ ಯಾರೂ ಅದನ್ನು ಮಾಡುವುದಿಲ್ಲ.

ಬದಲಾಗುವ ಭಾಗದ ಬ್ರೈಲ್ ಬಗ್ಗೆ ಹೇಳುತ್ತೇನೆಂದಿದ್ದೆ. ಬಹಳ ಜನ ಮಾಡುವ ತಪ್ಪೆಂದರೆ, ಹೆಸರಿನ ಹಾಳೆಯ ಮೇಲೆಯೇ ಬ್ರೈಲ್ ಒತ್ತಿ, ಅದನ್ನು ಪಾರದರ್ಶಕ ಮುಚ್ಚಳದ ಹಿಂದೆ ತೂರಿಸುವುದು. ಚುಕ್ಕಿ ಎದ್ದು ಕಾಣುತ್ತದೆ, ಬೆರಳಿಗೆ ಸಿಗುವುದು ಮುಚ್ಚಳದ ಗಾಜು ಮಾತ್ರ. ನನ್ನ ಫಲಕದಲ್ಲಿ ಮುಚ್ಚಳವು ಹಾಳೆಯ ಮೇಲಿನ ಏಳು ಸೆಂಟಿಮೀಟರನ್ನಷ್ಟೇ ಮುಚ್ಚುತ್ತದೆ. ಅದರ ಕೆಳಗೆ ಎರಡು ಗೀರುಗಳ ನಡುವೆ, ಮುಚ್ಚಳವಿಲ್ಲದೆ, ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಸರಿದು ಕೂರುತ್ತದೆ. ಆ ಪಟ್ಟಿಯ ಮೇಲೆ ಸಾಮಾನ್ಯ ಬ್ರೈಲ್ ಸ್ಲೇಟು (ಚುಕ್ಕಿಯ ಮನೆಗಳಿರುವ ಚೌಕಟ್ಟು) ಮತ್ತು ಸ್ಟೈಲಸ್ (ಚುಕ್ಕಿ ಒತ್ತುವ ಮೊನೆ) ಹಿಡಿದು ಯಾರು ಬೇಕಾದರೂ ಹೆಸರು ಒತ್ತಬಹುದು. ಕಾಗದದ ಚುಕ್ಕಿ ದಿನಕ್ಕೆ ನೂರು ಬೆರಳು ಆಡಿದರೆ ಚಪ್ಪಟೆಯಾಗುತ್ತದೆ. ಹಳೆಯ ಎಕ್ಸ್‌ರೇ ಫಿಲ್ಮನ್ನು ಕತ್ತರಿಸಿ ಅದರ ಮೇಲೆ ಒತ್ತಿದ ಪಟ್ಟಿ ನನ್ನ ಅಂಗಡಿಯ ಬಾಗಿಲಲ್ಲಿ ಎರಡು ಮಳೆಗಾಲ ಕಳೆದರೂ ಓದಲು ಬರುತ್ತಿದೆ. ಒಂದು ಬ್ರೈಲ್ ಅಕ್ಷರಕ್ಕೆ ಸುಮಾರು ಆರು ಮಿಲಿಮೀಟರ್ ಜಾಗ ಬೇಕು. ಬ್ರೈಲ್‌ನಲ್ಲಿ ಒತ್ತಕ್ಷರ ಕೆಳಗೆ ಕೂರುವುದಿಲ್ಲ. ಹಲಂತದ ಚುಕ್ಕಿ ವ್ಯಂಜನದ ಮುಂಚೆ ಬಂದು, ಎಲ್ಲವೂ ಒಂದೇ ಸಾಲಿನಲ್ಲಿ ಹರಿಯುತ್ತದೆ. ಹಾಗಾಗಿ 'ಗ್ರಂಥಾಲಯ' ಎಂಬುದಕ್ಕೆ ಎಂಟು ಮನೆ ಬೇಕು, 'ಮುಖ್ಯೋಪಾಧ್ಯಾಯರ ಕೊಠಡಿ' ಎಂಬುದಕ್ಕೆ ಇಪ್ಪತ್ತು. 20 ಸೆಂಟಿಮೀಟರಿನ ಪಟ್ಟಿಯಲ್ಲಿ ಎರಡೂ ಆರಾಮವಾಗಿ ಹಿಡಿಸುತ್ತವೆ.

ಗಣಕಯಂತ್ರದಲ್ಲಿ ಬ್ರೈಲ್ ಮಾಡುವವರಿಗೆ ಒಂದು ಸೂಚನೆ. ನುಡಿ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪು ಮಾಡಿದ ಪಠ್ಯವನ್ನು ನೇರವಾಗಿ ಬ್ರೈಲ್ ಪರಿವರ್ತಕಕ್ಕೆ ಹಾಕಿದರೆ ಅರ್ಥವಿಲ್ಲದ ಚುಕ್ಕಿಗಳು ಬರುತ್ತವೆ. ಯೂನಿಕೋಡ್‌ನಲ್ಲಿಯೇ ಟೈಪು ಮಾಡಬೇಕು. ಏನೇ ಮಾಡಿದರೂ, ಬ್ರೈಲ್ ಓದಬಲ್ಲ ಒಬ್ಬರು ಬೆರಳಿಟ್ಟು ಓದಿ ಸರಿಯಿದೆ ಎನ್ನುವವರೆಗೆ ಯಾವ ಫಲಕವನ್ನೂ ಗೋಡೆಗೆ ಏರಿಸಬಾರದು, ಬಿಲ್ಲನ್ನೂ ಪಾಸು ಮಾಡಬಾರದು. ತಲೆಕೆಳಗಾಗಿ ಕೂತ ಬ್ರೈಲ್ ಪಟ್ಟಿ ಕಣ್ಣಿಗೆ ತಿಳಿಯುವುದೇ ಇಲ್ಲ. ಕ್ಷೇತ್ರ ಸಂಪನ್ಮೂಲ ಕೇಂದ್ರಗಳ ಮೂಲಕ ಕೆಲಸ ಮಾಡುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿಗೆ ಈ ಪರಿಶೀಲನೆಯ ಅಧಿಕಾರವನ್ನು ಲಿಖಿತವಾಗಿ ಕೊಡಬೇಕು, ಅವರು ಆಯಾ ಶಾಲೆಯ ಬ್ರೈಲ್ ಓದುವ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಬೇಕು.

ಮಂದದೃಷ್ಟಿಯ ಮಕ್ಕಳನ್ನು ನಾವು ಇನ್ನೂ ಹೆಚ್ಚು ಮರೆತಿದ್ದೇವೆ. ಪೂರ್ತಿ ಕಾಣದ ಮಕ್ಕಳು ಬೆರಳಿಂದ ಓದುತ್ತಾರೆ. ಅಲ್ಪಸ್ವಲ್ಪ ಕಾಣುವವರು ಫಲಕಕ್ಕೆ ಮೂಗು ತಾಗಿಸಿ ಓದುತ್ತಾರೆ. ಯಕ್ಷಗಾನ ಮೇಳಗಳ ಫಲಕ ಬರೆದು ಕೈ ಪಳಗಿದ ನಮ್ಮಂಥವರಿಗೆ ಅಕ್ಷರಕ್ಕೆ ನೆರಳು, ಅಂಚು, ಎರಡು ಬಣ್ಣ ಕೊಡುವುದೆಂದರೆ ಪ್ರೀತಿ. ಶಾಲೆಯ ಕೊಠಡಿಯ ಫಲಕದಲ್ಲಿ ಅದು ಬೇಡ. 'ಪ', 'ಫ', 'ಷ' ಇವುಗಳಲ್ಲಿ ವ್ಯತ್ಯಾಸವಿರುವುದು ಒಂದು ಸಣ್ಣ ಗೀಟಿನಲ್ಲಿ. ನೆರಳು ಬಿದ್ದರೆ ಆ ಗೀಟು ಕರಗಿಹೋಗುತ್ತದೆ. ಒಂದೇ ದಪ್ಪದ ಸಾದಾ ಅಕ್ಷರ, ಗಾಢ ಕಂದು ಅಥವಾ ಕಡುನೀಲಿಯ ಮೇಲೆ ಕೆನೆಬಣ್ಣ, ಹೊಳಪಿಲ್ಲದ ಮೇಲ್ಮೈ ಇಷ್ಟು ಸಾಕು. ವರಾಂಡದ ತೆರೆದ ಬದಿಯಿಂದ ಬರುವ ಬೆಳಕು ಹೊಳಪಿನ ಅಕ್ರಿಲಿಕ್ ಮೇಲೆ ಬಿದ್ದರೆ, ಬೆಳಗ್ಗೆ ಹತ್ತು ಗಂಟೆಗೆ ಫಲಕ ಬರಿಯ ಬೆಳ್ಳಗಿನ ಹೊಳಪಾಗಿ ಕಾಣುತ್ತದೆ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕಾಗಿರುವುದರಿಂದ ಕನ್ನಡ ಅಕ್ಷರಗಳನ್ನು ಇಂಗ್ಲಿಷಿಗಿಂತ ದೊಡ್ಡದಾಗಿಯೇ ಬರೆಯಬೇಕು, ಚಿಕ್ಕದಾಗಿಯಲ್ಲ. ಇನ್ನೂ ಓದಲು ಬಾರದ ಮಕ್ಕಳಿಗೂ, ಓದು ನಿಧಾನವಾಗಿ ಒಲಿಯುವ ಮಕ್ಕಳಿಗೂ, ಹೆಸರಿನ ಹಾಳೆಯ ಎಡಬದಿಯಲ್ಲಿ ಒಂದು ಸರಳ ಚಿತ್ರವಿರಲಿ: ಗ್ರಂಥಾಲಯಕ್ಕೆ ಪುಸ್ತಕ, ಕುಡಿಯುವ ನೀರಿಗೆ ಲೋಟ.

ಈ ಕೆಲಸದಿಂದಲೇ ನನ್ನ ಜೀವನ ನಡೆಯುವುದರಿಂದ ಇದು ವ್ಯಾಪಾರದ ಪತ್ರವೆಂದು ಯಾರಿಗಾದರೂ ಅನ್ನಿಸಿದರೆ ಅದು ಸಹಜ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇನೆ: ಮೇಲಿನ ಅಳತೆಗಳೂ ಕತ್ತರಿಸುವ ನಕ್ಷೆಯೂ ಯಾರದೇ ಸ್ವತ್ತಲ್ಲ. ಇಲಾಖೆ ಕೇಳಿದರೆ ನಾನು ನಕ್ಷೆಯನ್ನು ಹಾಗೆಯೇ ಕೊಡುತ್ತೇನೆ. ಶಿರಸಿಯಲ್ಲಿರಲಿ, ದಾಂಡೇಲಿಯಲ್ಲಿರಲಿ, ಯಂತ್ರವಿರುವ ಯಾರಾದರೂ ಮಾಡಬಹುದು, ಐಟಿಐ ವಿದ್ಯಾರ್ಥಿಗಳಿಂದಲೂ ಮಾಡಿಸಬಹುದು. ನಾನು ತಮ್ಮಲ್ಲಿ ಕೇಳುವುದು ಆದೇಶವನ್ನು. ಎರಡೂ ಶೈಕ್ಷಣಿಕ ಜಿಲ್ಲೆಗಳಿಗೆ ಅನ್ವಯಿಸುವ ಒಂದೇ ಸುತ್ತೋಲೆಯಲ್ಲಿ, ಫಲಕದ ಜಾಗ, ಎತ್ತರ, ಸಂಖ್ಯೆಯ ಕ್ರಮ, ಮುಚ್ಚಳವಿಲ್ಲದ ಬ್ರೈಲ್ ಪಟ್ಟಿ ಮತ್ತು ಬೆರಳಿನ ಪರಿಶೀಲನೆ ಇವುಗಳನ್ನು ನಿಗದಿಪಡಿಸಿ, ಹೊಸ ಕೊಠಡಿಗಳ ಅಂದಾಜು ಪಟ್ಟಿಯಲ್ಲಿಯೇ ಫಲಕದ ವೆಚ್ಚವನ್ನು ಸೇರಿಸಬೇಕು. ಹಳೆಯ ಶಾಲೆಗಳಲ್ಲಿ, ದೃಷ್ಟಿದೋಷವಿರುವ ಮಕ್ಕಳು ಈಗಾಗಲೇ ಓದುತ್ತಿರುವ ಶಾಲೆಗಳಿಗೆ ಮೊದಲ ಸರದಿ ಕೊಡಬೇಕು. ಶಾಲಾ ಸಮಿತಿಗಳಿಗೆ ನನ್ನ ವಿನಂತಿ ಇನ್ನೂ ಚಿಕ್ಕದು: ಪ್ರತಿ ವರ್ಷ ಮೇ ಕೊನೆಯಲ್ಲಿ ಕೊಠಡಿ ಹಂಚಿಕೆ ನಿರ್ಧರಿಸಿದ ದಿನವೇ ಹಾಳೆಯನ್ನೂ ಪಟ್ಟಿಯನ್ನೂ ಒಟ್ಟಿಗೆ ಬದಲಿಸಿ. ಮತಗಟ್ಟೆಯೋ ಪರೀಕ್ಷಾ ಕೇಂದ್ರವೋ ಆದಾಗ ಅವರ ಹಾಳೆಯನ್ನೂ ಅದೇ ಕಿಂಡಿಯಲ್ಲಿ ತೂರಿಸಲು ಹೇಳಿ. ಸಂಖ್ಯೆಯ ಮೇಲೆ ಏನನ್ನೂ ಅಂಟಿಸಲು ಬಿಡಬೇಡಿ.

ಆ ಹುಡುಗಿ ಈಗ ಪ್ರೌಢಶಾಲೆಯಲ್ಲಿದ್ದಾಳೆ. ಅವಳು ಸೇರಿದ ಶಾಲೆಯಲ್ಲಿ ಹನ್ನೆರಡು ಕೊಠಡಿಗಳಿವೆ, ಒಂದಕ್ಕೂ ಬೆರಳಿಗೆ ಸಿಗುವ ಗುರುತಿಲ್ಲ. ಅಲ್ಲಿಯ ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಆ ಹನ್ನೆರಡು ಫಲಕಗಳನ್ನು ನಾನು ತಯಾರಿಸಿಟ್ಟಿದ್ದೇನೆ, ಬ್ರೈಲ್ ಪಟ್ಟಿಗಳನ್ನು ಅವಳೇ ತನ್ನ ಸ್ಲೇಟಿನಲ್ಲಿ ಒತ್ತಿಕೊಟ್ಟಿದ್ದಾಳೆ. ಮಳೆ ಹಿಡಿಯುವ ಮೊದಲು ಗೋಡೆಗೆ ಕೂರಿಸುತ್ತೇವೆ. ತಾವು ಯಾವ ದಿನ ಬಂದು ನೋಡುವುದಾದರೂ, ಅಥವಾ ತಮ್ಮ ಕಚೇರಿಯಿಂದ ಯಾರನ್ನಾದರೂ ಕಳುಹಿಸುವುದಾದರೂ, ಬಂದವರು ಕಣ್ಣುಮುಚ್ಚಿಕೊಂಡು ಗೇಟಿನಿಂದ 15ನೇ ಕೊಠಡಿಯವರೆಗೆ ಒಮ್ಮೆ ನಡೆದು ನೋಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕುಮಟಾದ ಒಬ್ಬ ಫಲಕ ತಯಾರಕ